ಹಡಗು ಕಾಯುವುದಿಲ್ಲ ಎಂಬ ಹೆದರಿಕೆ

ಪಿರಮಿಡ್ ನೋಡಲೇಬೇಕೆಂದಿದ್ದರೆ ವಿಮಾನದಲ್ಲಿ ಹೋಗಿ. ಕ್ರೂಸ್ ಹಡಗಿನಲ್ಲಿ ಅರಬ್ ದೇಶಗಳ ಕಡೆಗೆ ಹೊರಟವರು ಸಲಹೆ ಕೇಳಲು ಬಂದಾಗ ನಾನು ಮೊದಲು ಹೇಳುವ ಮಾತು ಇದು. ಯಾರಿಗೂ ಹಿಡಿಸುವುದಿಲ್ಲ. ದುಡ್ಡು ಕಟ್ಟಿ ಆಗಿರುತ್ತದೆ, ಬ್ರೋಷರಿನ ಮೊದಲ ಪುಟದಲ್ಲೇ ಒಂಟೆಯ ಹಿಂದೆ ಪಿರಮಿಡ್ ನಿಂತಿರುತ್ತದೆ. ಈಗ ಈ ಹೆಂಗಸು ಅಪಶಕುನ ನುಡಿಯುತ್ತಾಳಲ್ಲ ಎಂದು ಮುಖ ಸಣ್ಣ ಮಾಡುತ್ತಾರೆ.

ಬ್ರೋಷರನ್ನು ಸರಿಯಾಗಿ ಓದಿ ಎನ್ನುತ್ತೇನೆ. ‘ಕೈರೋ’ ಎಂದು ದಪ್ಪಕ್ಷರದಲ್ಲಿದ್ದರೆ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಅಲೆಕ್ಸಾಂಡ್ರಿಯಾ’ ಎಂದಿರುತ್ತದೆ. ‘ಲಕ್ಸರ್’ ಪಕ್ಕದಲ್ಲಿ ‘ಸಫಾಗ’, ‘ಪೆಟ್ರಾ’ ಪಕ್ಕದಲ್ಲಿ ‘ಅಕಾಬಾ’. ಹಡಗು ನಿಲ್ಲುವುದು ಸಣ್ಣಕ್ಷರದ ಊರಿನಲ್ಲಿ. ಅಲೆಕ್ಸಾಂಡ್ರಿಯಾದಿಂದ ಕೈರೋಗೆ ಹೆಚ್ಚುಕಡಿಮೆ 220 ಕಿ.ಮೀ. ಸಫಾಗದಿಂದ ಲಕ್ಸರ್‌ಗೂ ಸುಮಾರು ಅಷ್ಟೇ. ನಮ್ಮ ಪಣಂಬೂರು ಬಂದರಿಗೆ ಬಂದ ಹಡಗಿನವರನ್ನು ಬೆಳಿಗ್ಗೆ ಬಸ್ಸಿಗೆ ತುಂಬಿ, ಚಾರ್ಮಾಡಿ ಘಾಟಿ ಹತ್ತಿಸಿ, ಬೇಲೂರು ಹಳೇಬೀಡು ತೋರಿಸಿ, ಸಂಜೆಯೊಳಗೆ ವಾಪಸು ಹಡಗಿಗೆ ಮುಟ್ಟಿಸುತ್ತೇವೆ ಎಂದು ಯಾರಾದರೂ ಹೊರಟರೆ ಮಂಗಳೂರಿನ ಟ್ಯಾಕ್ಸಿ ಡ್ರೈವರುಗಳು ನಗುತ್ತಾರೆ. ಇದು ಅದಕ್ಕಿಂತಲೂ ದೂರ.

ನಾನು ಮಂಗಳೂರಿನವಳು, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು. ಇವರು, ಅಂದರೆ ನನ್ನ ಗಂಡ, ಬಂದರಿನಲ್ಲಿ ನೌಕರಿ ಮಾಡಿದವರು. ಸರ್ವಿಸಿನುದ್ದಕ್ಕೂ ಹಡಗು ನೋಡಿದರೇ ಹೊರತು ಹತ್ತಿ ಎಲ್ಲಿಗೂ ಹೋದವರಲ್ಲ. ಮಗಳು ಇಟಲಿಯಲ್ಲಿದ್ದಾಳೆ. 2019ರ ಬೇಸಗೆಯಲ್ಲಿ ಅವಳ ಮನೆಗೆ ಹೊರಟಾಗ ಇವರ ಹಟಕ್ಕೆ ಸೋತು ದುಬೈಯಿಂದ ಹಡಗು ಹಿಡಿದೆವು. ಚಳಿಗಾಲವಿಡೀ ಕೊಲ್ಲಿಯಲ್ಲಿ ಸುತ್ತುವ ಹಡಗುಗಳು ಸೆಕೆ ಶುರುವಾಗುತ್ತಿದ್ದಂತೆ ಯುರೋಪಿಗೆ ಮರಳುತ್ತವೆ. ಆ ಮರುಪ್ರಯಾಣದ ಟಿಕೆಟು ಸ್ವಲ್ಪ ಅಗ್ಗ. ಮಸ್ಕತ್, ಸಲಾಲಾ, ಅಕಾಬಾ, ಸಫಾಗ, ಆಮೇಲೆ ಸುಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹೌತಿಗಳು ಹಡಗುಗಳ ಮೇಲೆ ದಾಳಿ ಶುರುಮಾಡಿದ ಮೇಲೆ ಹಲವು ಕ್ರೂಸ್ ಕಂಪನಿಗಳು ಆ ದಾರಿ ಬಿಟ್ಟವು. ಹಾಗಾಗಿ ಈಚೆಗೆ ನನ್ನಲ್ಲಿ ಕೇಳುವವರು ಹೆಚ್ಚಾಗಿ ದುಬೈ, ದೋಹಾ, ಮಸ್ಕತ್ ಸುತ್ತಿ ಬರುವ ಸಣ್ಣ ಪ್ರಯಾಣದವರು. ಉದ್ದ ಪ್ರಯಾಣದವರಿಗೂ ಸಣ್ಣ ಪ್ರಯಾಣದವರಿಗೂ ನನ್ನ ಮಾತು ಒಂದೇ. ದಡದಲ್ಲಿ ಸಿಗುವ ಆ ಏಳೆಂಟು ಗಂಟೆಯನ್ನು ಬಸ್ಸಿನ ಸೀಟಿನಲ್ಲಿ ಕಳೆಯಬೇಡಿ, ಹಡಗು ನಿಂತ ಊರಿನಲ್ಲೇ ನಡೆಯಿರಿ.

ಬಸ್ಸು ಹತ್ತಿಸುವುದು ಆಸೆಗಿಂತ ಹೆಚ್ಚಾಗಿ ಹೆದರಿಕೆ. ಪ್ರತಿ ಬಂದರಿಗೂ ಮುಂಚಿನ ಸಂಜೆ ಹಡಗಿನ ಥಿಯೇಟರಿನಲ್ಲಿ ಒಂದು ವಿವರಣೆ ಇರುತ್ತದೆ. ಊರಿನ ಬಗ್ಗೆ ಹೇಳುವುದು ಸ್ವಲ್ಪ, ಟೂರುಗಳ ಬಗ್ಗೆ ಹೇಳುವುದು ಜಾಸ್ತಿ, ಕೊನೆಗೊಂದು ಎಚ್ಚರಿಕೆ: ನಮ್ಮ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿಯೇ ಹೋಗಿ ತಡಮಾಡಿದರೆ ಕಾಯುವುದಿಲ್ಲ. ಮಾತು ಸುಳ್ಳಲ್ಲ. ಹೊರಡುವ ಹೊತ್ತಿಗೆ ಸಾಕಷ್ಟು ಮುಂಚೆಯೇ ಎಲ್ಲರೂ ಹತ್ತಿರಬೇಕು. ಪೈಲಟ್ ಬರುವ ಸಮಯ, ಟಗ್ಗು ಬರುವ ಸಮಯ, ಬರ್ತು ಖಾಲಿ ಮಾಡುವ ಸಮಯ ಎಲ್ಲ ಮೊದಲೇ ಗೊತ್ತುಮಾಡಿರುತ್ತದೆ, ಒಬ್ಬರಿಗಾಗಿ ಅದನ್ನು ಹಿಂದೆ ಮುಂದೆ ಮಾಡಲಾಗುವುದಿಲ್ಲ ಎಂದು ಇವರೂ ತಲೆಯಾಡಿಸಿದರು. ಆದರೆ 200 ಕಿ.ಮೀ. ಆಚೆಗೆ ಹೋಗುವವನಿಗೆ ಇರಬೇಕಾದ ಹೆದರಿಕೆಯನ್ನು ಗೇಟಿನಿಂದ ಕಾಲುನಡಿಗೆಯಲ್ಲಿರುವ ಪೇಟೆಗೂ ಅಂಟಿಸಿಬಿಡುತ್ತಾರೆ. ಹಡಗಿನ ಚಿಮಣಿ ಕಾಣುವಷ್ಟು ಹತ್ತಿರದಲ್ಲಿ ಅಡ್ಡಾಡುವವನಿಗೆ ಹಡಗು ತಪ್ಪುವುದಾದರೂ ಹೇಗೆ?

ಅದರ ಮೇಲೆ ‘ಅರಬ್ ದೇಶ ಬೇರೆ’ ಎಂಬ ಇನ್ನೊಂದು ಅಳುಕು. ನಮ್ಮ ಊಟದ ಮೇಜಿನಲ್ಲಿದ್ದ ಬೆಂಗಳೂರಿನ ದಂಪತಿಗಳಲ್ಲಿ ಆಕೆ ಮೆಲ್ಲಗೆ ಕೇಳಿದರು, “ಹೆಂಗಸರು ಹಾಗೆಲ್ಲ ಓಡಾಡಬಹುದಾ ಮೇಡಂ? ಏನಾದ್ರೂ ಅಂದ್ರೆ?” ಯಾರೂ ಏನೂ ಅನ್ನುವುದಿಲ್ಲ, ಚೂಡಿದಾರದ ಮೇಲೆ ದುಪಟ್ಟಾ ಇದ್ದರೆ ಮುಗಿಯಿತು ಎಂದೆ. ಒಪ್ಪಲಿಲ್ಲ, ಬಸ್ಸಿನಲ್ಲೇ ಹೋದರು. ಬಯಲುಸೀಮೆಯವರನ್ನು ದೂರುವುದು ಬೇಡ. ನಮ್ಮ ಕರಾವಳಿಯವರೂ ಹೀಗೆಯೇ ಕೇಳುತ್ತಾರೆ ಎನ್ನುವುದೇ ನನಗೆ ಸೋಜಿಗ. ಇಲ್ಲಿ ಗಲ್ಫಿಗೆ ಹೋದವರಿಲ್ಲದ ಕುಟುಂಬ ಹುಡುಕಬೇಕು. ಅವರು ತಂದ ನೀಡೋ ಡಬ್ಬಿಯಲ್ಲಿ ಅಕ್ಕಿ ಅಳೆದು, ಮೂಗು ಕಟ್ಟಿದರೆ ಆ್ಯಕ್ಸ್ ಆಯಿಲ್ ಹಚ್ಚಿ, ನೆಂಟರು ಬಂದರೆ ಟ್ಯಾಂಗ್ ಕಲಸಿ ಕೊಟ್ಟು ಬೆಳೆದ ತಲೆಮಾರು ನಮ್ಮದು. ಗಲ್ಫಿನ ದುಡ್ಡಿನಲ್ಲಿ ಮಹಡಿ ಎಬ್ಬಿಸಿದವರು ಅದೇ ಗಲ್ಫಿನ ಬೀದಿಯಲ್ಲಿ ಹತ್ತು ಹೆಜ್ಜೆ ಹಾಕಲು ಗೈಡನ್ನು ಹುಡುಕುವುದೇ?

ಮಸ್ಕತ್ತಿನದೇ ಹೇಳುತ್ತೇನೆ. ಹಡಗು ನಿಲ್ಲುವುದು ಮತ್ರಾ ಎಂಬ ಹಳೆ ಪೇಟೆಯ ಎದುರಿಗೇ. ಬಂದರಿನೊಳಗೆ ನಡೆಯಲು ಬಿಡುವುದಿಲ್ಲ, ಗೇಟಿನ ತನಕ ಪುಕ್ಕಟೆ ಬಸ್ಸು. ಗೇಟಿಗೆ ಹತ್ತಿರದಲ್ಲೇ ಮೀನು ಮಾರುಕಟ್ಟೆ. 2017ರಲ್ಲಿ ತೆರೆದದ್ದು, ನಾರ್ವೆಯ ಸ್ನೊಹೆಟ್ಟಾ ಎಂಬ ಪ್ರಸಿದ್ಧ ಸಂಸ್ಥೆಯ ವಿನ್ಯಾಸ. ಟೂರಿನವರ ಪಟ್ಟಿಯಲ್ಲಿ ಅದು ಇರಲಿಲ್ಲ. ನಾವು ನೇರ ಅಲ್ಲಿಗೇ ಹೋದೆವು. ಅಲೆಯಲೆಯಾದ ಪಟ್ಟಿಗಳ ಸೂರಿನ ಕೆಳಗೆ ಬೆಳಕು ಗೆರೆಗೆರೆಯಾಗಿ ಬೀಳುತ್ತಿತ್ತು. ಕಟ್ಟೆಯ ಮೇಲೆ ಅಂಜಲ್, ಕೇದರ, ತಾಟೆ, ಒಂದು ಮೂಲೆಯಲ್ಲಿ ರಾಶಿ ಬೂತಾಯಿ. ಮಾರುವವರು ಕಸೂತಿ ಟೋಪಿಯ ಒಮಾನಿಗಳು, ಕತ್ತರಿಸಿ ಕೊಡುವವರು ಬೇರೆ. ಅಭ್ಯಾಸಬಲ ನೋಡಿ, ನಾನು ಒಂದು ಅಂಜಲಿನ ಕಿವಿರು ಎತ್ತಿ ಕೆಂಪಗಿದೆಯೇ ಎಂದು ಇಣುಕಿದೆ. ಅಷ್ಟರವರೆಗೆ ನಮ್ಮನ್ನು ಫೋಟೋ ತೆಗೆಯಲು ಬಂದವರ ಸಾಲಿಗೆ ಸೇರಿಸಿದ್ದ ಮುದುಕಪ್ಪ ಕುರ್ಚಿಯಿಂದ ಎದ್ದ. ಹಿಂದಿಯಲ್ಲಿ ರೇಟು ಹೇಳಿದ. ಹಡಗಿನಲ್ಲಿ ಒಲೆ ಇಲ್ಲ ಎಂದು ಇವರು ಹೇಳಿದ್ದಕ್ಕೆ, “ಹಾಗಾದರೆ ಮುಟ್ಟಿ ನೋಡಿದ್ದು ಯಾಕೆ?” ಎಂದು ನನ್ನನ್ನು ಗದರಿಸಿದ, ಆಮೇಲೆ ತಾನೇ ನಕ್ಕ. ಪಕ್ಕದ ಕಟ್ಟೆಯಲ್ಲಿ ಒಬ್ಬ ಕೈಯುದ್ದದ ಅಂಜಲನ್ನು ಅಡ್ಡ ಮಲಗಿಸಿ ಒಂದೇ ದಪ್ಪದ ತುಂಡುಗಳಾಗಿ ಕಡಿಯುತ್ತಿದ್ದ. ಬಾಲದ ತುಂಡನ್ನೂ ತಲೆಯನ್ನೂ ಬೇರೆ ಚೀಲಕ್ಕೆ ಹಾಕಿದ. ಸಾರಿಗೆ ಅದು, ಹುರಿಯಲಿಕ್ಕೆ ಇದು. ನಾನು ಏನನ್ನೂ ಕೇಳಿ ತಿಳಿಯಬೇಕಾಗಿರಲಿಲ್ಲ.

ಅಲ್ಲಿಂದ ಕಾರ್ನಿಷ್ ಎಂದು ಕರೆಯುವ ಕಡಲದಂಡೆಯ ರಸ್ತೆಯಲ್ಲಿ ನಡೆದರೆ ಮತ್ರಾದ ಸೂಕ್, ಅಂದರೆ ಸಂತೆಬೀದಿ. ರಸ್ತೆಯತ್ತ ಮುಖ ಮಾಡಿದ, ಮರದ ಬಾಲ್ಕನಿಗಳ ಹಳೆಯ ಮನೆಗಳ ಸಾಲು ಲವಾತಿಯಾ ಎಂಬ ಸಮುದಾಯದ ಕೇರಿ. ಸುತ್ತ ಗೋಡೆ, ಹೊರಗಿನವರು ಒಳಗೆ ಹೋಗುವ ರೂಢಿ ಇಲ್ಲ. ಆ ಸಮುದಾಯದ ಮಾತು ಸಿಂಧಿ, ಕಚ್ಛಿಗಳ ಬಳಗಕ್ಕೆ ಸೇರಿದ್ದು. ಸೂಕಿನ ಬಾಯಲ್ಲಿ ಪಶ್ಮಿನಾ ಶಾಲು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್, ಒಂಟೆ ಬೊಂಬೆ. ಟೂರಿನವರಿಗೆ ಕೊಟ್ಟ ಅರ್ಧ ಮುಕ್ಕಾಲು ಗಂಟೆ ಅಷ್ಟಕ್ಕೇ ಸರಿಹೋಗುತ್ತದೆ. ಒಳಗೆ ಹೋದಷ್ಟೂ ಬೀದಿ ಇಕ್ಕಟ್ಟಾಗಿ, ಊರಿನವರು ಕೊಳ್ಳುವ ಅಂಗಡಿಗಳು ಶುರುವಾಗುತ್ತವೆ: ಹಲ್ವ, ಒಣಮೀನು, ಬಟ್ಟೆಯ ಥಾನು, ಅಲ್ಯೂಮಿನಿಯಂ ಪಾತ್ರೆ. ಬಟ್ಟೆ ಅಂಗಡಿಯೊಂದರ ಹುಡುಗ ನಮ್ಮ ಮಾತು ಕೇಳಿಸಿಕೊಂಡು ತುಳುವಿನಲ್ಲೇ ಊರು ವಿಚಾರಿಸಿದ. ಉಳ್ಳಾಲದ ಕಡೆಯ ಬ್ಯಾರಿ ಹುಡುಗ. ಅಂಗಡಿಯಲ್ಲಿ ಏನನ್ನೂ ತೋರಿಸಲಿಲ್ಲ. ಒಳ್ಳೆ ಊಟ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಿ, ಗಲ್ಲಿಯ ತಿರುವಿನ ತನಕ ಬಂದು ಮಲಯಾಳಿಗಳ ಹೋಟೆಲು ತೋರಿಸಿ ಹೋದ.

ಮಧ್ಯಾಹ್ನದ ಮೇಲೆ ಟ್ಯಾಕ್ಸಿ ಮಾಡಿದೆವು. ಒಮಾನಿನಲ್ಲಿ ಟ್ಯಾಕ್ಸಿ ಓಡಿಸುವ ಕೆಲಸ ಅಲ್ಲಿನ ಪ್ರಜೆಗಳಿಗೇ ಮೀಸಲು, ಆದ್ದರಿಂದ ಸ್ಥಳೀಯರೊಬ್ಬರ ಜೊತೆ ಒಂದು ಗಂಟೆ ಮಾತಾಡಬೇಕಿದ್ದರೆ ಅದಕ್ಕಿಂತ ಸುಲಭದ ಉಪಾಯವಿಲ್ಲ. ಆಗ ಚೌಕಾಸಿ ಮಾಡಿ, ದರ ಗಟ್ಟಿ ಮಾಡಿಕೊಂಡೇ ಹತ್ತಬೇಕಿತ್ತು. ನಮಗೆ ಸಿಕ್ಕಿದವರು ವಯಸ್ಸಾದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಅಪ್ಪನ ಸಂಬಳ ರೂಪಾಯಿಯಲ್ಲಿತ್ತು ಎಂದರು. ತಮಾಷೆಯಲ್ಲ. ಕೊಲ್ಲಿಯ ಹಲವು ನಾಡುಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕ್ ಅವುಗಳಿಗಾಗಿಯೇ ಬೇರೆ ನೋಟು ಮುದ್ರಿಸಿತು. ಕುವೈತ್ 1961ರಲ್ಲಿ ಅದನ್ನು ಕೈಬಿಟ್ಟರೆ, ಒಮಾನಿನಲ್ಲಿ 1970ರವರೆಗೂ ಚಲಾವಣೆಯಲ್ಲಿತ್ತು. ಹಳೆ ಮಸ್ಕತ್ತಿನಲ್ಲಿ ಪೋರ್ಚುಗೀಸರ ಕಾಲದ ಜಲಾಲಿ, ಮಿರಾನಿ ಕೋಟೆಗಳ ನಡುವೆ ಸುಲ್ತಾನರ ಅಲ್ ಆಲಮ್ ಅರಮನೆ. ಒಳಗೆ ಬಿಡುವುದಿಲ್ಲ, ಟೂರ್ ಬಸ್ಸಿನವರು ಅದರ ಮುಂದೆ ಇಳಿದು ಫೋಟೋ ತೆಗೆಸಿಕೊಂಡು ಹತ್ತುತ್ತಿದ್ದರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹಳೆಯ ಶಿವ ದೇವಸ್ಥಾನವಿದೆ. 2018ರಲ್ಲಿ ಪ್ರಧಾನಿ ಮೋದಿ ಹೋಗಿದ್ದದ್ದು ಅದಕ್ಕೇ. ನಮ್ಮ ಬೆಂಗಳೂರಿನ ದಂಪತಿಗಳಿಗೆ ಅದನ್ನು ಯಾರೂ ತೋರಿಸಲಿಲ್ಲ. ರಾತ್ರಿ ಊಟದಲ್ಲಿ ನಾನು ಹೇಳಿದಾಗ ಆಕೆಗೆ ಬೇಸರವಾಯಿತು.

ಪಾಠ ಹೇಳುತ್ತಿದ್ದ ಕಾಲದಲ್ಲಿ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಮೈಸೂರಿನ ಕೋಠಿ ತೆರೆದಿದ್ದ, ಮಲಬಾರು ಕೆನರಾ ತೀರದಿಂದ ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಹುಡುಗರು ಬರೆದುಕೊಂಡು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಆ ಬಂದರಿನ ನೀರಿನೆದುರು ನಿಂತಾಗ ಅದು ಯಾವುದೋ ರಾಜನ ವಿದೇಶಾಂಗ ನೀತಿ ಅನ್ನಿಸಲಿಲ್ಲ, ದಿನದ ವ್ಯಾಪಾರ ಅನ್ನಿಸಿತು. ಗಾಳಿ ನೋಡಿ ಹೊರಟರೆ ನಮಗೆ ಬೆಂಗಳೂರಿಗಿಂತ ಮಸ್ಕತ್ತೇ ಸುಲಭವಾಗಿದ್ದ ಕಾಲವಿತ್ತು.

ದೊಡ್ಡ ಮಸೀದಿ ನೋಡಬೇಡಿ ಎನ್ನುತ್ತಿಲ್ಲ. 2001ರಲ್ಲಿ ತೆರೆದ ಸುಲ್ತಾನ್ ಕಾಬೂಸ್ ಮಸೀದಿ ಭವ್ಯವಾಗಿದೆ, ಇರಾನಿನ ಹೆಂಗಸರು ನಾಲ್ಕು ವರ್ಷ ನೇಯ್ದ 21 ಟನ್ ತೂಕದ ಜಮಖಾನೆ ನೋಡುವಂಥದ್ದೇ. ಆದರೆ ಮುಸ್ಲಿಮೇತರರಿಗೆ ಬೆಳಗಿನ ಹೊತ್ತು ಮಾತ್ರ ಪ್ರವೇಶ, ಶುಕ್ರವಾರ ಇಲ್ಲ. ಹಡಗಿನ ಬಸ್ಸುಗಳೆಲ್ಲ ಒಟ್ಟಿಗೇ ಅಲ್ಲಿ ಬಂದು ನಿಲ್ಲುತ್ತವೆ. ಅದಕ್ಕೂ ಟ್ಯಾಕ್ಸಿಯೇ ವಾಸಿ.

ಸಲಾಲಾದಲ್ಲಿ ನಡೆಯುವಂತಿಲ್ಲ. ಬಂದರು ಊರಿನಿಂದ ದೂರ, ಕಂಟೇನರ್ ಸಾಗಣೆಗೆಂದು ಕಟ್ಟಿದ್ದು. ಇವರಿಗೆ ಮಾತ್ರ ಸ್ವರ್ಗ. ಕ್ರೇನುಗಳನ್ನು ನೋಡುತ್ತ ಡೆಕ್ಕಿನಿಂದ ಇಳಿಯಲು ಮನಸ್ಸಿರಲಿಲ್ಲ. ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಿದೆವು. ಊರಿಗೆ ಹೋಗುವ ದಾರಿಯಲ್ಲಿ ತೆಂಗಿನ ತೋಟ, ಬಾಳೆ, ಪಪ್ಪಾಯಿ, ಬದಿಯಲ್ಲಿ ಎಳನೀರಿನ ಅಂಗಡಿ ಸಾಲು. ಅರಬಸ್ತಾನವೆಂದರೆ ಮರಳು ಎಂದುಕೊಂಡವರು ಇಲ್ಲಿ ಒಂದು ಎಳನೀರು ಕುಡಿಯಬೇಕು. ನಮ್ಮ ಮುಂಗಾರಿನ ಅಂಚು ತಾಗುವ ಬೆಟ್ಟಗಳಿವು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಸಿರಾಗುತ್ತವೆ, ಆಗ ಕೊಲ್ಲಿಯ ಸುತ್ತಮುತ್ತಲಿನವರು ಮಳೆ ನೋಡಲೆಂದೇ ಬರುತ್ತಾರೆ. ಕ್ರೂಸ್ ಹಡಗುಗಳು ಬರುವುದು ಬೆಟ್ಟ ಒಣಗಿ ಕಂದಾದ ಮೇಲೆ.

ಅಲ್ಲಿನ ಹಳೇ ಸೂಕಿನಲ್ಲಿ ಲೋಬಾನ ಮಾರುವ ಹೆಂಗಸೊಬ್ಬಳ ಮುಂದೆ ತುಂಬ ಹೊತ್ತು ಕೂತೆ. ಮುಖ ಮುಚ್ಚಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣಿನಲ್ಲೇ ವ್ಯಾಪಾರ. ಮಣ್ಣಿನ ಧೂಪದಾನಿಯ ಕೆಂಡದ ಮೇಲೆ ಮೊದಲು ಹಳದಿ ಹರಳು ಹಾಕಿದಳು: ಹೊಗೆ ದಟ್ಟ, ಮೂಗಿಗೆ ಘಾಟು. ಆಮೇಲೆ ಹಸಿರು ಛಾಯೆಯ ತಿಳಿ ಹರಳು, ಹೋಜರಿ ಎಂಬ ಮೇಲು ಜಾತಿ. ಹೊಗೆ ಸಣ್ಣಗೆದ್ದು ನಿಂಬೆಯ ಕಂಪು ಬಂತು. ಮರದ ತೊಗಟೆ ಕೆತ್ತಿದರೆ ಒಸರುವ ಅಂಟು ಗಾಳಿಗೆ ಗಟ್ಟಿಯಾಗಿ ಹೀಗೆ ಹರಳಾಗುತ್ತದೆ. ಈ ಸೀಮೆಯ ಲೋಬಾನದ ಮರಗಳ ಕಣಿವೆಯನ್ನೂ ಹಳೆಯ ಬಂದರುಗಳನ್ನೂ ಯುನೆಸ್ಕೊ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ನಾವಿಬ್ಬರೂ ಒಂದು ಅಕ್ಷರ ಮಾತಾಡಲಿಲ್ಲ, ಬೆರಳಿನಲ್ಲೇ ದರ ಇಳಿಸಿದೆ, ಅವಳು ಬೆರಳಿನಲ್ಲೇ ಏರಿಸಿದಳು. ಕೊನೆಗೆ ಗೆದ್ದದ್ದು ಅವಳು.

ಪೆಟ್ರಾದ ವಿಷಯದಲ್ಲಿ ಮಾತ್ರ ನನ್ನ ವಾದ ನಿಲ್ಲುವುದಿಲ್ಲ. ಅಕಾಬಾದಿಂದ ಎರಡು ಗಂಟೆಯ ದಾರಿ. ಬಸ್ಸು ಹತ್ತಿ, ಸಂಶಯವೇ ಬೇಡ. ಸುಮಾರು 1.2 ಕಿ.ಮೀ. ಉದ್ದದ ‘ಸೀಕ್’ ಎಂಬ ಬಂಡೆಯ ಸೀಳಿನಲ್ಲಿ ನಡೆದು ಬಂದವರಿಗೆ ಕಟ್ಟಕಡೆಗೆ ಗುಲಾಬಿ ಕಲ್ಲಿನಲ್ಲಿ ಕೊರೆದ ‘ಖಜಾನೆ’ ಎಂಬ ಸ್ಮಾರಕ ಒಮ್ಮೆಗೇ ಎದುರಾಗುತ್ತದಲ್ಲ, ಆಗ ಇಂಥ ಲೇಖನ ಬರೆಯುವವರು ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲೂ ಒಂದು ಲೆಕ್ಕ ನೋಡಿ. ಜೋರ್ಡಾನಿನಲ್ಲಿ ರಾತ್ರಿ ತಂಗುವವರಿಗೆ ಪೆಟ್ರಾದ ಒಂದು ದಿನದ ಟಿಕೆಟು 50 ದಿನಾರ್, ಒಂದು ರಾತ್ರಿಯೂ ತಂಗದವರಿಗೆ 90. ಬಂದು, ನೋಡಿ, ನಿದ್ದೆಗೆ ಹಡಗಿಗೇ ಮರಳುವವರಿಂದ ಊರಿಗೆ ಏನು ಬರುತ್ತದೆ ಎಂಬ ಪ್ರಶ್ನೆಗೆ ಆ ದೇಶ ಟಿಕೆಟಿನಲ್ಲೇ ಉತ್ತರ ಬರೆದಿದೆ. ಸರಿಯಾಗೇ ಇದೆ ಎನ್ನುತ್ತೇನೆ. ನನ್ನ ತಕರಾರು ಊಟದ್ದು. ಎರಡು ಸಾವಿರ ವರ್ಷದ ಊರನ್ನು ಅರ್ಧಕ್ಕೆ ಬಿಡಿಸಿ ಬಫೆ ಊಟಕ್ಕೆಂದು ಕರೆದೊಯ್ದರು. ಎಂಟುನೂರು ಚಿಲ್ಲರೆ ಮೆಟ್ಟಿಲು ಹತ್ತಿ ನೋಡುವ ‘ಮಠ’ ಎಂಬ ಮೇಲಿನ ಸ್ಮಾರಕಕ್ಕೆ ಹೊತ್ತಿಲ್ಲ, ಪಾಸ್ತಾಕ್ಕೆ ಹೊತ್ತಿದೆ! ಗುಹೆಗಳಲ್ಲಿ ಬಾಳಿಕೊಂಡಿದ್ದ ಬ್ದೂಲ್ ಬೆದೂಯಿನರನ್ನು 1980ರ ದಶಕದಲ್ಲಿ ಉಮ್ ಸೈಹೂನ್ ಎಂಬ ಹಳ್ಳಿಗೆ ಸ್ಥಳಾಂತರಿಸಿದ ಕಥೆ ಗೈಡಿನ ಬಾಯಲ್ಲಿ ಬರಲೇ ಇಲ್ಲ. ಕತ್ತೆ ಹಿಡಿದುಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ನಮ್ಮ ಹಿಂದೆ ಬಿದ್ದಿದ್ದ ಹುಡುಗರು ಯಾರೆಂದು ಕೇಳುವ ಕುತೂಹಲ ಬಸ್ಸಿನಲ್ಲಿ ಯಾರಿಗೂ ಇದ್ದಂತಿರಲಿಲ್ಲ. “ಕೈಚೀಲ ಜೋಪಾನ” ಎಂಬ ಮಾತು ಮಾತ್ರ ಕೇಳಿಸಿತು.

ಲಕ್ಸರಿನ ಟೂರು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಮೂರೂವರೆ ಗಂಟೆ ಹೋಗಲು, ಅಷ್ಟೇ ಬರಲು. ಉಳಿದದ್ದರಲ್ಲಿ ಊಟ, ಅದಾದ ಮೇಲೆ ಅಲಬಾಸ್ಟರ್ ಕಲ್ಲಿನ ‘ಕಾರ್ಖಾನೆ’. ಬಾಗಿಲಲ್ಲಿ ಇಬ್ಬರು ಕಲ್ಲು ಉಜ್ಜುತ್ತ ಕೂತಿದ್ದರು, ಒಳಗೆ ಬರೀ ಅಂಗಡಿ. ಕಾರ್ನಾಕ್ ದೇವಾಲಯದ 134 ಕಂಬಗಳ ಮಂಟಪದಲ್ಲಿ ನಿಂತದ್ದಕ್ಕಿಂತ ಆ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತೆವು. ರಾಜರ ಕಣಿವೆಯಲ್ಲಿ ಟಿಕೆಟು ಮೂರು ಗೋರಿಗಳಿಗೆ. ತುತಾಂಖಾಮನ್ನನದ್ದಕ್ಕೆ ಬೇರೆ ದುಡ್ಡು. ನಮಗೆ ಮೂರಕ್ಕೂ ಪುರುಸೊತ್ತು ಸಿಗಲಿಲ್ಲ. ಅಂಗಡಿಯ ಕಮಿಷನ್ ಯಾರ ಜೇಬಿಗೆ ಎಂದು ಗೈಡಿನ ಮೇಲೆ ಕೂಗಾಡುವುದರಲ್ಲಿ ಅರ್ಥವಿಲ್ಲ, ಅವನಿಗೂ ಸಂಸಾರವಿದೆ. ಕೇಳಬೇಕಾದದ್ದು ಟೂರು ಮಾರಿದವರನ್ನು.

ಹಾಗೆ ನೋಡಿದರೆ ಕೈರೋದಲ್ಲಿ ಮಂಗಳೂರಿನವಳಾಗಿ ನಾನು ನೋಡಬೇಕೆಂದಿರುವುದು ಪಿರಮಿಡ್ಡಲ್ಲ. ಹನ್ನೆರಡನೇ ಶತಮಾನದಲ್ಲಿ ಟ್ಯುನೀಸಿಯಾ ಕಡೆಯಿಂದ ಏಡನ್ ಮಾರ್ಗವಾಗಿ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಕಾಗದಪತ್ರಗಳು, ಅವನ ಆಳು ಬೊಮ್ಮನ ಹೆಸರಿದ್ದವೂ ಸೇರಿ, ಸಿಕ್ಕಿದ್ದು ಹಳೇ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾ ಎಂಬ ಹಳೆ ಕಾಗದಗಳ ಕೋಣೆಯಲ್ಲಿ. ಅಮಿತಾವ್ ಘೋಷ್ 1992ರಲ್ಲಿ ಅದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅಂಥದ್ದನ್ನು ಬಸ್ಸಿನಲ್ಲಿ ಹೋಗಿ ಮೂರು ಗಂಟೆಯಲ್ಲಿ ನೋಡಿ ಬರಲಾಗುವುದಿಲ್ಲ. ಅದಕ್ಕೇ ವಿಮಾನ ಎಂದದ್ದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಕ್ರೂಸ್ ಪ್ಯಾಕೇಜು ಮಾರುವ ಏಜೆಂಟರು ಪ್ರತಿ ಟೂರಿನ ಎದುರು ಮೂರು ಅಂಕಿ ಛಾಪಿಸಲಿ: ಬಸ್ಸಿನಲ್ಲಿ ಎಷ್ಟು ಗಂಟೆ, ಸ್ಥಳದಲ್ಲಿ ಎಷ್ಟು ಗಂಟೆ, ನಡುವೆ ಎಷ್ಟು ಅಂಗಡಿ. ಗೇಟಿನಿಂದ ಪೇಟೆಗೆ ನಡೆಯಬಹುದೇ ಎಂಬುದನ್ನು ಒಂದು ಸಾಲಿನಲ್ಲಿ ಹೇಳಲಿ. ಇದನ್ನು ನಮ್ಮೂರಿನವರನ್ನೂ ಕೇಳಬೇಕು, ಯಾಕೆಂದರೆ ಚಳಿಗಾಲದಲ್ಲಿ ಪಣಂಬೂರಿಗೆ ಬರುವ ಹಡಗಿನವರಿಗೆ ನಾವು ಮಾಡುವುದೂ ಅದನ್ನೇ. ಕುದ್ರೋಳಿ ದೇವಸ್ಥಾನ, ಗೇರುಬೀಜದ ಫ್ಯಾಕ್ಟರಿ, ಮೊಸ್ಕೇನಿ ಚಿತ್ರ ಬರೆದ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಎಲ್ಲ ಒಳ್ಳೆಯವೇ, ಎಲ್ಲ ಎಸಿ ಬಸ್ಸಿನಿಂದಲೇ. ಗೇಟಿನ ಹೊರಗೆ ನಿಂತ ರಿಕ್ಷಾದವರಿಗೆ ಬಾಡಿಗೆ ಸಿಕ್ಕಿದರೆ ಅದೃಷ್ಟ. ಬೆಳಗ್ಗೆ ದಕ್ಕೆಯಲ್ಲಿ ಬೋಟು ಬಂದು ಮೀನು ಹರಾಜಾಗುವುದನ್ನು ಆ ಪ್ರವಾಸಿಗಳಲ್ಲಿ ಎಷ್ಟು ಜನ ನೋಡಿದ್ದಾರೋ.

ಗೇಟಿನ ಮಾತು ಬಂದಾಗ ಇನ್ನೊಂದು. ಅಕಾಬಾದಲ್ಲಿ ಗೇಟಿನ ಸಮೀಪದ ಚಹಾದಂಗಡಿಯಲ್ಲಿ ನಮ್ಮ ಹಡಗಿನದೇ ಹುಡುಗರು ಗೋಡೆಗೊರಗಿ ಮೊಬೈಲು ಹಿಡಿದು ನಿಂತಿದ್ದರು, ಗೋವೆಯವರು, ಕೇರಳದವರು, ಒಬ್ಬ ಕಾರ್ಕಳದವ. ಹಡಗಿನ ಇಂಟರ್ನೆಟ್ ದುಬಾರಿ, ಇಲ್ಲಿ ವೈಫೈ ಪುಕ್ಕಟೆ. ಕೆಲಸದ ನಡುವೆ ಸಿಕ್ಕಿದ ಸ್ವಲ್ಪ ಹೊತ್ತಿನಲ್ಲಿ ಮನೆಗೆ ಫೋನು. ಕಾರ್ಕಳದವನಿಗೆ ಪೆಟ್ರಾ ನೋಡಿಯಾಯಿತೇ ಎಂದು ಕೇಳಿದೆ. “ಅಕ್ಕ, ಈ ಗೇಟಿಂದ ಆಚೆ ನಾನು ಹೋದದ್ದೇ ಇಲ್ಲ” ಎಂದ. ಅವನಿಗೆ ಬೇರೆ ದಾರಿಯಿಲ್ಲ. ದುಡ್ಡು ಕೊಟ್ಟು ಹೋಗುವ ನಮಗಿದೆ.

ಈ ಡಿಸೆಂಬರಿಗೆ ಹೊರಡುವ ನೆಂಟರೊಬ್ಬರಿಗೆ ಮೊನ್ನೆ ಇಷ್ಟನ್ನೂ ಫೋನಿನಲ್ಲಿ ಒದರಿದೆ. ಮಸ್ಕತ್ತಿನಲ್ಲಿ ಎಂಟು ಗಂಟೆಯೊಳಗೆ ಹಡಗಿನಿಂದ ಇಳಿಯಿರಿ, ತಿಂಡಿಗೆಂದು ಬಫೆಯ ಸಾಲಿನಲ್ಲಿ ನಿಲ್ಲಬೇಡಿ, ಮೀನು ಮಾರುಕಟ್ಟೆ ಬೆಳಗ್ಗೆಯೇ ಚೆಂದ. ಚಿಲ್ಲರೆ ರಿಯಾಲು ಇಟ್ಟುಕೊಳ್ಳಿ, ಹಡಗು ಹೊರಡುವ ಹೊತ್ತನ್ನು ಕೈಮೇಲೆ ಬರೆದುಕೊಳ್ಳಿ, ಮಧ್ಯಾಹ್ನ ಸೂಕ್ ಮುಚ್ಚುವ ಮುಂಚೆ ಒಳಗಿನ ಗಲ್ಲಿಗಳನ್ನು ಮುಗಿಸಿ. ಎಲ್ಲ ಕೇಳಿ ಅವರು, “ಆದ್ರೂ ಒಂದು ಟೂರು ಬುಕ್ ಮಾಡಿ ಇಟ್ಟಿರ್ತೇವೆ ಮಾರಾಯ್ರೆ, ಸೇಫ್ಟಿಗೆ” ಎಂದರು.